'ಕೇಪರ್ನಮ್' ಚಿತ್ರದ ವಿದೇಶಿ ಗಳಿಕೆ: ಸಣ್ಣ ಉದ್ದಿಮೆದಾರರಿಗೊಂದು ಲೆಕ್ಕದ ಪಾಠ

ಚಲನಚಿತ್ರವೂ ಒಂದು ಸರಕೇ ಆಗಿದೆ. ಅದಕ್ಕೂ ಬಂಡವಾಳ, ದುಡಿಮೆ, ಸಾಗಣೆ, ಪ್ರಚಾರ ಹಾಗೂ ಮಾರುಕಟ್ಟೆ ಬೇಕು. ಆದರೆ ನಮ್ಮಲ್ಲಿ ಬಹುತೇಕರು ವ್ಯವಹರಿಸುವ ಸರಕುಗಳಿಗೂ ಅದಕ್ಕೂ ಒಂದು ಮುಖ್ಯ ವ್ಯತ್ಯಾಸವಿದೆ. ಚಿತ್ರದ ಮೊದಲ ಪ್ರತಿ ಸಿದ್ಧವಾಗುವ ವೇಳೆಗೆ ನಿರ್ಮಾಪಕನ ಹೆಚ್ಚುಕಡಿಮೆ ಸಮಸ್ತ ಹಣವೂ ವೆಚ್ಚವಾಗಿರುತ್ತದೆ. ಬಟ್ಟೆಯ ವ್ಯಾಪಾರಿಯು ಬೇಡಿಕೆ ಕುಗ್ಗಿದಾಗ ಮುಂದಿನ ತಿಂಗಳ ಖರೀದಿಯನ್ನು ಕಡಿಮೆ ಮಾಡಬಹುದು. ನಿರ್ಮಾಪಕನಿಗೆ ಆ ಅವಕಾಶವಿಲ್ಲ. ಸರಕು ತಯಾರಾದ ಮೇಲೆಯೇ ಅದಕ್ಕೆ ಗಿರಾಕಿ ಉಂಟೋ ಇಲ್ಲವೋ ಎಂಬುದು ತಿಳಿಯುತ್ತದೆ. ಹೊಸ ಅಚ್ಚು, ಹೊಸ ವಿನ್ಯಾಸ ಅಥವಾ ಹೊಸ ಯಂತ್ರಕ್ಕೆ ಹಣ ತೊಡಗಿಸಿದ ಸಣ್ಣ ತಯಾರಕರಿಗೆ ಈ ಸಂಕಟ ಅಪರಿಚಿತವಲ್ಲ.

ಈ ಕಾರಣದಿಂದ, ಕಡಿಮೆ ಬಂಡವಾಳದ ಒಂದು ಸ್ವತಂತ್ರ ಚಿತ್ರವು ವಿದೇಶಗಳಲ್ಲಿ ಗಳಿಸಿದ ಹಣದ ವಿವರವನ್ನು ಅಧ್ಯಯನಕ್ಕೆ ಆರಿಸಿಕೊಳ್ಳಲಾಗಿದೆ. ಲೆಬನಾನಿನ ನಿರ್ದೇಶಕಿ ನದೀನ್ ಲಬಾಕಿ ಅವರ 'ಕೇಪರ್ನಮ್' 2018ರಲ್ಲಿ ತೆರೆಕಂಡ ಅರಬ್ಬಿ ಭಾಷೆಯ ಚಿತ್ರ. ಅದು ಗಳಿಸಿದ ಮೊತ್ತ ಎಷ್ಟೆಂಬುದಕ್ಕಿಂತಲೂ ಆ ಮೊತ್ತ ಎಲ್ಲಿಂದ ಬಂದಿತು, ಯಾರ ಕೈ ಸೇರುತ್ತದೆ ಮತ್ತು ಅದಕ್ಕಾಗಿ ಯಾರು ಏನನ್ನು ಪಣವಾಗಿಟ್ಟಿದ್ದರು ಎಂಬ ಮೂರು ಪ್ರಶ್ನೆಗಳೇ ನಮಗೆ ಮುಖ್ಯವಾದವು.

ಸರಕು ಮತ್ತು ಅದರ ಬಂಡವಾಳ

ಬೈರೂತ್ ನಗರದ ಕೊಳೆಗೇರಿಯ ಹನ್ನೆರಡರ ವಯಸ್ಸಿನ ಬಾಲಕನೊಬ್ಬ, ತನ್ನನ್ನು ಹುಟ್ಟಿಸಿದ್ದೇ ಅಪರಾಧವೆಂದು ತಂದೆತಾಯಿಗಳ ವಿರುದ್ಧ ನ್ಯಾಯಾಲಯದ ಮೆಟ್ಟಿಲೇರುವುದು ಚಿತ್ರದ ಕಥಾವಸ್ತು. ಆತನಿಗೆ ಜನನ ಪತ್ರವಿಲ್ಲ, ಗುರುತಿನ ಚೀಟಿಯಿಲ್ಲ. ತಂಗಿಯನ್ನು ಎಳೆಯ ವಯಸ್ಸಿನಲ್ಲೇ ಮದುವೆ ಮಾಡಿಕೊಟ್ಟಾಗ ಮನೆ ಬಿಟ್ಟು ಹೊರಟು, ಇಥಿಯೋಪಿಯಾದಿಂದ ಕೂಲಿಗೆ ಬಂದ ಹೆಂಗಸಿನ ಆಶ್ರಯ ಪಡೆಯುತ್ತಾನೆ. ಅವಳೂ ಕಾಣೆಯಾದಾಗ ಅವಳ ಹಸುಗೂಸನ್ನು ತಾನೇ ಸಾಕಬೇಕಾಗುತ್ತದೆ. ಚಿತ್ರದಲ್ಲಿ ಹೆಸರಾಂತ ತಾರೆಯರಿಲ್ಲ. ಮುಖ್ಯ ಪಾತ್ರ ವಹಿಸಿದ ಬಾಲಕನು ಸಿರಿಯಾದಿಂದ ಬಂದ ನಿರಾಶ್ರಿತ. ಉಳಿದ ಪಾತ್ರಧಾರಿಗಳಲ್ಲಿ ಹೆಚ್ಚಿನವರು ಅಂಥದೇ ಬದುಕನ್ನು ಕಂಡುಂಡವರು.

ವೃತ್ತಿ ನಟರಿಲ್ಲದ ಮಾತ್ರಕ್ಕೆ ಇಂತಹ ಚಿತ್ರ ಅಗ್ಗವಾಗಿ ಮುಗಿಯುತ್ತದೆಂದು ಭಾವಿಸಬಾರದು. ತಾರೆಯರ ಸಂಭಾವನೆಯಲ್ಲಿ ಉಳಿದ ಹಣ ಕಾಲದ ರೂಪದಲ್ಲಿ ವ್ಯಯವಾಗುತ್ತದೆ. ಚಿತ್ರೀಕರಣ ಆರು ತಿಂಗಳು ನಡೆಯಿತು. 500 ಗಂಟೆಗೂ ಮಿಕ್ಕಿದ ದೃಶ್ಯಗಳು ಸಂಗ್ರಹವಾದವು. ಅವುಗಳನ್ನು ಸಂಕಲಿಸಿ ಎರಡು ಗಂಟೆಯ ಚಿತ್ರವಾಗಿಸುವುದು ಸಾಮಾನ್ಯ ಕೆಲಸವಾಗಿರಲಿಲ್ಲ.

ಒಟ್ಟು ವೆಚ್ಚ ಸುಮಾರು 40 ಲಕ್ಷ ಡಾಲರ್. ಡಾಲರಿಗೆ 70 ರೂಪಾಯಿಯಂತೆ ಲೆಕ್ಕ ಹಾಕಿದರೆ 28 ಕೋಟಿ ರೂಪಾಯಿ. ಹಾಲಿವುಡ್ಡಿನ ಲೆಕ್ಕದಲ್ಲಿ ಇದು ಅತ್ಯಲ್ಪ. ಆದರೆ ಲೆಬನಾನಿನಂತಹ ಚಿಕ್ಕ ರಾಷ್ಟ್ರದಲ್ಲಿ ಒಂದು ಕುಟುಂಬಕ್ಕೆ ಇದು ಬೆಟ್ಟದಂತಹ ಭಾರ. ಚಿತ್ರದ ನಿರ್ಮಾಪಕರೂ ಸಂಗೀತ ನಿರ್ದೇಶಕರೂ ಆದ ಖಾಲಿದ್ ಮೌಜನ್ನರ್ ಅವರು ನಿರ್ದೇಶಕಿಯ ಪತಿ. ಬಂಡವಾಳ ಹೊಂದಿಸಲು ಅವರು ತಮ್ಮ ಮನೆಯನ್ನೇ ಅಡಮಾನವಿಟ್ಟರು. ಮನೆಯಿಲ್ಲದವರ ಕಥೆಯನ್ನು ಹೇಳಲು ಹೊರಟ ಕುಟುಂಬವೇ ತನ್ನ ಮನೆಯನ್ನು ಪಣಕ್ಕಿಟ್ಟಿತ್ತು.

ಅವರು ಮಾರುಕಟ್ಟೆಗೆ ಹೊಸಬರಾಗಿರಲಿಲ್ಲ ಎಂಬುದನ್ನೂ ಇಲ್ಲಿ ಹೇಳಬೇಕು. ಲಬಾಕಿ ಅವರ ಮೊದಲ ಚಿತ್ರ 'ಕ್ಯಾರಮೆಲ್' 2007ರಲ್ಲಿ ಕಾನ್ ಚಿತ್ರೋತ್ಸವದಲ್ಲಿ ಪ್ರದರ್ಶಿತವಾಗಿತ್ತು. ಎರಡನೆಯ ಚಿತ್ರ 'ವೇರ್ ಡು ವೀ ಗೋ ನೌ?' 2011ರಲ್ಲಿ ಟೊರಾಂಟೋ ಉತ್ಸವದಲ್ಲಿ ಪ್ರೇಕ್ಷಕರ ಆಯ್ಕೆಯ ಪ್ರಶಸ್ತಿ ಗಳಿಸಿತ್ತು. ಹನ್ನೊಂದು ವರ್ಷಗಳಲ್ಲಿ ಕಟ್ಟಿದ ಹೆಸರು ಅಡಮಾನದ ಹಿಂದಿನ ಧೈರ್ಯವಾಗಿದ್ದಿರಬೇಕು.

ಮಾರುಕಟ್ಟೆವಾರು ಗಳಿಕೆ

2018ರ ಮೇ 17ರಂದು ಕಾನ್ ಉತ್ಸವದ ಸ್ಪರ್ಧಾ ವಿಭಾಗದಲ್ಲಿ ಚಿತ್ರದ ಮೊದಲ ಪ್ರದರ್ಶನವಾಯಿತು ಮತ್ತು ತೀರ್ಪುಗಾರರ ಪ್ರಶಸ್ತಿ ದೊರಕಿತು. ಅದೇ ವರ್ಷ ಸೆಪ್ಟೆಂಬರಿನಲ್ಲಿ ಲೆಬನಾನಿನಲ್ಲಿ, ಅಕ್ಟೋಬರಿನಲ್ಲಿ ಫ್ರಾನ್ಸಿನಲ್ಲಿ, ಡಿಸೆಂಬರಿನಲ್ಲಿ ಅಮೆರಿಕದಲ್ಲಿ ಬಿಡುಗಡೆಯಾಯಿತು. 2019ರ ಆಸ್ಕರ್ ಸ್ಪರ್ಧೆಯಲ್ಲಿ ವಿದೇಶಿ ಭಾಷಾ ಚಿತ್ರಗಳ ಅಂತಿಮ ಪಟ್ಟಿಯಲ್ಲಿ ಸ್ಥಾನ ಪಡೆಯಿತು. ಕಾನ್ ಪ್ರದರ್ಶನವಾಗಿ ಹನ್ನೊಂದು ತಿಂಗಳು ಕಳೆದ ಮೇಲೆ, 2019ರ ಏಪ್ರಿಲ್ 29ರಂದು ಚೀನಾದಲ್ಲಿ ತೆರೆಕಂಡಿತು.

ಚಿತ್ರಮಂದಿರಗಳ ಒಟ್ಟು ಗಳಿಕೆಯನ್ನು ಸ್ಥೂಲವಾಗಿ ಹೀಗೆ ವಿಂಗಡಿಸಬಹುದು:

ಚೀನಾ: ಸುಮಾರು 5.4 ಕೋಟಿ ಡಾಲರ್.
ಅಮೆರಿಕ ಮತ್ತು ಕೆನಡಾ: ಸುಮಾರು 16 ಲಕ್ಷ ಡಾಲರ್.
ಉಳಿದೆಲ್ಲ ದೇಶಗಳು ಸೇರಿ: ಸುಮಾರು 1.2 ಕೋಟಿ ಡಾಲರ್.
ಜಗತ್ತಿನಾದ್ಯಂತ: ಸುಮಾರು 6.8 ಕೋಟಿ ಡಾಲರ್.

ವೆಚ್ಚದ ಹದಿನೇಳು ಪಟ್ಟು ಗಳಿಕೆ! ಅರಬ್ಬಿ ಭಾಷೆಯ ಚಿತ್ರಗಳಲ್ಲೇ ಅತ್ಯಧಿಕವೆಂದು ಇದು ಅಂದು ದಾಖಲಾಯಿತು. ಆದರೆ ಪಟ್ಟಿಯನ್ನು ಮತ್ತೊಮ್ಮೆ ಗಮನಿಸಿ. ಐದು ಪಾಲಿನಲ್ಲಿ ಸುಮಾರು ನಾಲ್ಕು ಪಾಲು ಒಂದೇ ದೇಶದಿಂದ ಬಂದಿದೆ. ಆ ದೇಶದ ಭಾಷೆ, ಮತ, ಆಹಾರ, ಇತಿಹಾಸ ಯಾವುದೂ ಲೆಬನಾನಿಗೆ ಹತ್ತಿರದ್ದಲ್ಲ.

ಚೀನಾವನ್ನು ಲೆಕ್ಕದಿಂದ ತೆಗೆದು ನೋಡೋಣ. ಉಳಿಯುವುದು 1.4 ಕೋಟಿ ಡಾಲರ್. ಇದರಲ್ಲಿ ಚಿತ್ರಮಂದಿರಗಳು ಸಾಮಾನ್ಯವಾಗಿ ಅರ್ಧದಷ್ಟನ್ನು ಉಳಿಸಿಕೊಳ್ಳುತ್ತವೆ. ಮಿಕ್ಕ 70 ಲಕ್ಷದಲ್ಲಿ ಆಯಾ ದೇಶದ ಹಂಚಿಕೆದಾರರ ಕಮಿಷನ್ನು, ಜಾಹೀರಾತು, ಉಪಶೀರ್ಷಿಕೆ, ಪ್ರತಿಗಳ ವೆಚ್ಚ ಹಾಗೂ ವಿದೇಶಿ ಮಾರಾಟದ ದಳ್ಳಾಳಿ ಕಳೆಯಬೇಕು. ಹೀಗೆ ಉಳಿಯುವ ಹಣ 40 ಲಕ್ಷದ ಅಸಲನ್ನೂ ಅದರ ಮೇಲಿನ ಬಡ್ಡಿಯನ್ನೂ ತೀರಿಸಲು ಸಾಲುವುದೇ ಕಷ್ಟ. ದೂರದರ್ಶನ ಮತ್ತಿತರ ಹಕ್ಕುಗಳ ಮಾರಾಟದಿಂದ ಒಂದಿಷ್ಟು ಸೇರಬಹುದು. ಕಾನ್ ಪ್ರಶಸ್ತಿ, ಆಸ್ಕರ್ ಪಟ್ಟಿ, ಪತ್ರಿಕೆಗಳ ಪ್ರಶಂಸೆ ಎಲ್ಲವೂ ದೊರೆತ ಬಳಿಕವೂ ಸರಕಿನ ಸ್ಥಿತಿ ಇದಾಗಿತ್ತು. ಕೀರ್ತಿಯೊಂದರಿಂದಲೇ ಅಡಮಾನ ಬಿಡಿಸಿಕೊಳ್ಳಲಾಗದು ಎಂಬುದು ಈ ಲೆಕ್ಕದಿಂದ ಸ್ಪಷ್ಟವಾಗುತ್ತದೆ.

ಚೀನಾದಲ್ಲಿ ಗಿರಾಕಿ ದೊರೆತದ್ದೇಕೆ?

ಇದನ್ನು ಕೇವಲ ಅದೃಷ್ಟವೆಂದು ತಳ್ಳಿಹಾಕುವುದು ಸರಿಯಲ್ಲ. ನಾಲ್ಕು ಕಾರಣಗಳನ್ನು ಗುರುತಿಸಬಹುದು.

ಒಂದು, ಮಾರುಕಟ್ಟೆಯ ವಿಸ್ತಾರ. 2018ರ ಅಂತ್ಯಕ್ಕೆ ಚೀನಾದಲ್ಲಿ 60,000ಕ್ಕೂ ಹೆಚ್ಚು ತೆರೆಗಳಿದ್ದವು. ಇಷ್ಟು ತೆರೆಗಳಲ್ಲಿ ಸಣ್ಣದೊಂದು ಪಾಲು ದೊರೆತರೂ ಅದು ಬೇರೆ ದೇಶಗಳ ಇಡೀ ಮಾರುಕಟ್ಟೆಯನ್ನು ಮೀರಿಸುತ್ತದೆ.

ಎರಡು, ಮೊದಲೇ ಹದವಾಗಿದ್ದ ನೆಲ. ಹಾಲಿವುಡ್ಡಿನಾಚೆಯ ಕೌಟುಂಬಿಕ ಚಿತ್ರಗಳಿಗೆ ಅಲ್ಲಿ ಪ್ರೇಕ್ಷಕರಿದ್ದಾರೆಂದು ಅಷ್ಟರಲ್ಲಾಗಲೇ ಸಿದ್ಧವಾಗಿತ್ತು. ಭಾರತದ 'ದಂಗಲ್' 2017ರಲ್ಲಿಯೂ 'ಸೀಕ್ರೆಟ್ ಸೂಪರ್‌ಸ್ಟಾರ್' 2018ರಲ್ಲಿಯೂ ಅಲ್ಲಿ ಭಾರಿ ಯಶಸ್ಸು ಕಂಡಿದ್ದವು. 2018ರ ಕಾನ್ ಉತ್ಸವದಲ್ಲಿ ಅಗ್ರ ಪ್ರಶಸ್ತಿ ಪಡೆದ ಜಪಾನಿನ 'ಶಾಪ್‌ಲಿಫ್ಟರ್ಸ್' ಅದೇ ವರ್ಷ ಚೀನಾದಲ್ಲಿ ಬಿಡುಗಡೆಯಾಗಿ ಒಳ್ಳೆಯ ಗಳಿಕೆ ಕಂಡಿತ್ತು. ಅದನ್ನು ತರಿಸಿದ ರೋಡ್ ಪಿಕ್ಚರ್ಸ್ ಸಂಸ್ಥೆಯೇ 'ಕೇಪರ್ನಮ್' ಚಿತ್ರವನ್ನೂ ಕೊಂಡಿತು. ಒಂದು ಬಗೆಯ ಸರಕನ್ನು ಒಮ್ಮೆ ಮಾರಿ ಬಲ್ಲ ವ್ಯಾಪಾರಿಗೆ ಅದರ ಗಿರಾಕಿ ಯಾರೆಂಬುದು ಗೊತ್ತಿರುತ್ತದೆ.

ಮೂರು, ಹೆಸರು. 'ಕೇಪರ್ನಮ್' ಎಂಬುದು ಬೈಬಲಿನಲ್ಲಿ ಬರುವ ಊರಿನ ಹೆಸರು. ಫ್ರೆಂಚ್ ಭಾಷೆಯಲ್ಲಿ ಅದಕ್ಕೆ ಅಸ್ತವ್ಯಸ್ತವೆಂಬ ಅರ್ಥ ರೂಢವಾಗಿದೆ. ಚೀನೀ ಪ್ರೇಕ್ಷಕನಿಗೆ ಈ ಹೆಸರಿನಿಂದ ಏನೂ ತಿಳಿಯದು. ಆದ್ದರಿಂದ ಅಲ್ಲಿ ಅದನ್ನು 'ಹ ಯಿ ವೇ ಜಿಯಾ' ಎಂದು ಕರೆದರು. 'ಯಾವುದನ್ನು ಮನೆಯೆಂದೇವು' ಎಂಬುದು ಅದರ ಭಾವಾರ್ಥ. ಭಿತ್ತಿಪತ್ರದ ಮೇಲಿನ ಹೆಸರನ್ನು ಓದಿದೊಡನೆಯೇ ಚಿತ್ರ ಯಾವುದರ ಕುರಿತದ್ದು ಎಂಬುದು ಮನವರಿಕೆಯಾಗುತ್ತದೆ. ಸರಕು ಬದಲಾಗಲಿಲ್ಲ, ಚೀಟಿ ಬದಲಾಯಿತು.

ನಾಲ್ಕು, ಕಾಲ. ಅದೇ ಏಪ್ರಿಲ್ 24ರಂದು 'ಅವೆಂಜರ್ಸ್: ಎಂಡ್‌ಗೇಮ್' ಚೀನಾದಲ್ಲಿ ತೆರೆಕಂಡು ಹಣದ ಹೊಳೆ ಹರಿಸುತ್ತಿತ್ತು. ಅದರೆದುರು ನಿಲ್ಲುವುದು ಅವಿವೇಕವೆಂದು ಮೇಲ್ನೋಟಕ್ಕೆ ತೋರಬಹುದು. ಆದರೆ ಮೇ 1ರಿಂದ 4ರವರೆಗೆ ಕಾರ್ಮಿಕ ದಿನಾಚರಣೆಯ ರಜೆಯಿತ್ತು. ಸಾಹಸ ಚಿತ್ರ ನೋಡಿ ಮುಗಿಸಿದವರಿಗೂ ಅದು ಬೇಡವಾದವರಿಗೂ ತೀರಾ ಬೇರೆ ರುಚಿಯ ಚಿತ್ರವೊಂದು ಆಗ ದೊರೆಯಿತು. ಜಾತ್ರೆಯಲ್ಲಿ ಹತ್ತು ಮಿಠಾಯಿ ಅಂಗಡಿಗಳ ನಡುವೆ ಉಪ್ಪು ಖಾರದ ಮಂಡಕ್ಕಿ ಮಾರುವವನಿಗೆ ವ್ಯಾಪಾರವಾಗುವುದು ಇದೇ ನ್ಯಾಯದಿಂದ.

ನೂರು ಯುವಾನ್ ಎಲ್ಲೆಲ್ಲಿ ಹೋಗುತ್ತದೆ?

ಪತ್ರಿಕೆಗಳಲ್ಲಿ ಅಚ್ಚಾಗುವ ಗಳಿಕೆ ಎಂದರೆ ಪ್ರೇಕ್ಷಕರು ಟಿಕೆಟ್ಟಿಗೆ ತೆತ್ತ ಹಣ. ಅದು ಚಿಲ್ಲರೆ ಮಾರಾಟದ ಒಟ್ಟು ಮೊತ್ತವೇ ಹೊರತು ತಯಾರಕನ ಆದಾಯವಲ್ಲ. ಚೀನಾದಲ್ಲಿ ರೂಢಿಯಲ್ಲಿರುವ ಹಂಚಿಕೆಯ ಕ್ರಮವನ್ನು ನೋಡಿದರೆ ಇದು ಅರ್ಥವಾಗುತ್ತದೆ. 100 ಯುವಾನ್ ಸಂಗ್ರಹವಾದಾಗ ಚಲನಚಿತ್ರ ಅಭಿವೃದ್ಧಿ ನಿಧಿಗೆ 5, ತೆರಿಗೆಗೆ ಸುಮಾರು 3.3 ಸಂದಾಯವಾಗುತ್ತವೆ. ಉಳಿದ 91.7ರಲ್ಲಿ ಶೇಕಡಾ 57ರಷ್ಟು ಚಿತ್ರಮಂದಿರ ಹಾಗೂ ಅವುಗಳ ಒಕ್ಕೂಟಕ್ಕೆ ಹೋಗುತ್ತದೆ. ಹಕ್ಕುದಾರರ ಕಡೆಗೆ ಬರುವುದು ಶೇಕಡಾ 43, ಅಂದರೆ 39 ಯುವಾನ್‌ಗಿಂತ ತುಸು ಹೆಚ್ಚು. ಪ್ರಚಾರ ಮುಂತಾದ ಖರ್ಚುಗಳನ್ನು ಇದರಲ್ಲಿಯೇ ಕಳೆಯಬೇಕು.

ಈ 39 ಯುವಾನ್ ಕೂಡ ಮೂಲ ತಯಾರಕನದೇ ಎನ್ನುವಂತಿಲ್ಲ. ವಿದೇಶಿ ಚಿತ್ರಗಳು ಚೀನಾ ಪ್ರವೇಶಿಸುವ ಮಾರ್ಗಗಳು ಮುಖ್ಯವಾಗಿ ಎರಡು. ಮೊದಲನೆಯದು ಪಾಲುಗಾರಿಕೆ. 2012ರಲ್ಲಿ ಅಮೆರಿಕದೊಂದಿಗೆ ಆದ ಒಡಂಬಡಿಕೆಯ ಪ್ರಕಾರ ವರ್ಷಕ್ಕೆ 34 ಚಿತ್ರಗಳಿಗೆ ಈ ಅವಕಾಶ ನಿಗದಿಯಾಯಿತು. ವಿದೇಶಿ ಹಕ್ಕುದಾರನಿಗೆ ಟಿಕೆಟ್ ಹಣದ ಶೇಕಡಾ 25ರಷ್ಟು ಪಾಲು. ಎರಡನೆಯದು ಇಡಿಗಂಟಿನ ಖರೀದಿ. ಇದರಲ್ಲಿ ಚೀನೀ ಸಂಸ್ಥೆಯು ಒಂದು ನಿಶ್ಚಿತ ಮೊತ್ತ ಕೊಟ್ಟು ಹಕ್ಕನ್ನು ಕೊಳ್ಳುತ್ತದೆ. ಮುಂದೆ ಲಾಭವಾದರೂ ನಷ್ಟವಾದರೂ ಕೊಂಡವನದೇ. ದೊಡ್ಡ ಸ್ಟುಡಿಯೋಗಳ ಬೆಂಬಲವಿಲ್ಲದ ಸಣ್ಣ ಚಿತ್ರಗಳು ಸಾಮಾನ್ಯವಾಗಿ ಹೋಗುವುದು ಈ ಎರಡನೆಯ ದಾರಿಯಲ್ಲಿ. 'ಕೇಪರ್ನಮ್' ಕೂಡ ಅದೇ ವರ್ಗಕ್ಕೆ ಸೇರಿದ್ದು.

ನಮ್ಮ ಓದುಗರಿಗೆ ಇದು ಹೊಸತಲ್ಲ. ಮಾವು ಹೂ ಬಿಟ್ಟಾಗಲೇ ತೋಪನ್ನು ಗುತ್ತಿಗೆಗೆ ಕೊಡುವ ರೈತರಿದ್ದಾರೆ. ಅಡಿಕೆ ಸೀಮೆಯಲ್ಲಿ ಖೇಣಿ ಪದ್ಧತಿಯಿದೆ. ಗಾಂಧಿನಗರದ ಚಿತ್ರೋದ್ಯಮದಲ್ಲಿ ಔಟ್‌ರೈಟ್, ಮಿನಿಮಮ್ ಗ್ಯಾರಂಟಿ, ಕಮಿಷನ್ ಎಂಬ ಮಾತುಗಳು ನಿತ್ಯ ಬಳಕೆಯಲ್ಲಿವೆ. ತೋಪನ್ನು ಹೂವಿನಲ್ಲೇ ಮಾರಿದವನು ಆಲಿಕಲ್ಲು ಮಳೆಗೆ ಹೆದರಬೇಕಾಗಿಲ್ಲ. ಆದರೆ ಫಸಲು ಎರಡರಷ್ಟಾದರೂ ಅವನ ಕೈಗೆ ಬರುವುದು ಮಾತಾಡಿದಷ್ಟೇ. ಸಾಲವಿರುವವನು ಹೂವಿನಲ್ಲೇ ಮಾರುತ್ತಾನೆ. ಅದು ಅವನ ದಡ್ಡತನವಲ್ಲ, ಅವನ ಅನಿವಾರ್ಯತೆ. ಮನೆಯನ್ನು ಅಡಮಾನವಿಟ್ಟ ತಯಾರಕನ ಚೌಕಾಸಿಯ ಬಲ ಕುಗ್ಗುವುದು ಇಲ್ಲಿಯೇ. ಅಡಮಾನದ ನಿಜವಾದ ಬೆಲೆ ಬಡ್ಡಿಯಷ್ಟೇ ಅಲ್ಲ. ಕಾಯುವ ಶಕ್ತಿಯನ್ನು ಕಳೆದುಕೊಳ್ಳುವುದೂ ಅದರಲ್ಲಿ ಸೇರಿದೆ.

ಒಪ್ಪಂದದ ಮೂರು ಬಗೆ: ಒಂದು ಲೆಕ್ಕ

ಈ ತತ್ತ್ವವನ್ನು ನಮ್ಮ ವ್ಯವಹಾರಕ್ಕೆ ಅನ್ವಯಿಸಿ ಒಂದು ಕಾಲ್ಪನಿಕ ಉದಾಹರಣೆ ತೆಗೆದುಕೊಳ್ಳೋಣ. ಅಗರಬತ್ತಿ ತಯಾರಕರೊಬ್ಬರು 15 ಲಕ್ಷ ರೂಪಾಯಿ ವೆಚ್ಚ ಮಾಡಿ ಹೊಸ ಪರಿಮಳವನ್ನು ರೂಪಿಸಿದ್ದಾರೆ. ವಿದೇಶಿ ವ್ಯಾಪಾರಿಯೊಬ್ಬರು ತಮ್ಮ ದೇಶದಲ್ಲಿ ಅದನ್ನು ತಯಾರಿಸಿ ಮಾರುವ ಹಕ್ಕನ್ನು ಐದು ವರ್ಷಗಳಿಗೆ ಕೇಳುತ್ತಾರೆ. ಮೂರು ಬಗೆಯ ಕರಾರು ಸಾಧ್ಯ.

ಮೊದಲನೆಯದು, ಇಡಿಗಂಟಾಗಿ 20 ಲಕ್ಷ ರೂಪಾಯಿ. ಬೇರೇನೂ ಇಲ್ಲ.

ಎರಡನೆಯದು, 12 ಲಕ್ಷದ ಖಾತರಿ ಮೊತ್ತ ಮತ್ತು ಒಟ್ಟು ಮಾರಾಟದ ಮೇಲೆ ಶೇಕಡಾ 4 ರಾಯಧನ. ಖಾತರಿ ಮೊತ್ತವನ್ನು ರಾಯಧನದಲ್ಲಿ ವಜಾ ಮಾಡಿಕೊಳ್ಳಲಾಗುತ್ತದೆ.

ಮೂರನೆಯದು, 16 ಲಕ್ಷದ ಖಾತರಿ. 6 ಕೋಟಿ ರೂಪಾಯಿಯ ಮಾರಾಟದವರೆಗೆ ಬೇರೇನೂ ಇಲ್ಲ. ಅದನ್ನು ಮೀರಿದ ಮಾರಾಟದ ಮೇಲೆ ಮಾತ್ರ ಶೇಕಡಾ 3.

ಐದು ವರ್ಷಗಳಲ್ಲಿ ಮಾರಾಟ 2 ಕೋಟಿಯಷ್ಟೇ ಆದರೆ ತಯಾರಕರಿಗೆ ಕ್ರಮವಾಗಿ 20, 12 ಹಾಗೂ 16 ಲಕ್ಷ ದೊರೆಯುತ್ತದೆ. ಎರಡನೆಯ ಕರಾರಿನಲ್ಲಿ 3 ಲಕ್ಷ ಕೈಬಿಟ್ಟು ಹೋಗುತ್ತದೆ. ಮಾರಾಟ 5 ಕೋಟಿಯಾದರೆ 20, 20 ಹಾಗೂ 16 ಲಕ್ಷ. ನಿರೀಕ್ಷೆ ಮೀರಿ 20 ಕೋಟಿಯಾದರೆ 20, 80 ಹಾಗೂ 58 ಲಕ್ಷ.

ಮೂರನೆಯ ಕರಾರು ಮಧ್ಯಮ ಸ್ಥಿತಿಯಲ್ಲಿ ಎಲ್ಲಕ್ಕಿಂತ ಕಡಿಮೆ ಕೊಡುತ್ತದೆ. ಆದರೆ ಯಾವ ಸ್ಥಿತಿಯಲ್ಲೂ 15 ಲಕ್ಷದ ಅಸಲು ಮುಳುಗುವುದಿಲ್ಲ, ಮತ್ತು ಅನಿರೀಕ್ಷಿತ ಯಶಸ್ಸಿನಲ್ಲಿ ತಯಾರಕರು ಹೊರಗುಳಿಯುವುದಿಲ್ಲ. ಕೊಳ್ಳುವವರಿಗೂ ಇದನ್ನು ಒಪ್ಪುವುದು ಸುಲಭ. ತಮ್ಮ ಬಂಡವಾಳ ಹೊರಬಂದು ಲಾಭ ಕೈಸೇರಿದ ಮೇಲಷ್ಟೇ ಅವರು ಹೆಚ್ಚಿನ ಹಣ ಕೊಡಬೇಕಾಗುತ್ತದೆ. ತಾನೇ ನಂಬದ ಯಶಸ್ಸಿನ ಮೇಲೆ ಪಾಲು ಕೊಡಲು ಯಾವ ವ್ಯಾಪಾರಿಯೂ ಹೆಚ್ಚು ಚೌಕಾಸಿ ಮಾಡುವುದಿಲ್ಲ. ಕರಾರಿನ ದಿನ ಕೇಳಿದರೆ ಸುಲಭವಾಗಿ ಸಿಗುವ ಈ ಮಾತು, ಸರಕು ಗೆದ್ದ ಮೇಲೆ ಕೇಳಿದರೆ ಸಿಗುವುದಿಲ್ಲ.

ಸದಸ್ಯರು ಗಮನಿಸಬೇಕಾದ ಅಂಶಗಳು

1. ಹಕ್ಕನ್ನು ದೇಶವಾರು ಮಾರಬೇಕು. 'ಸಮಸ್ತ ವಿದೇಶಗಳು' ಎಂದು ಒಂದೇ ಸಾಲಿನಲ್ಲಿ ಬರೆದುಕೊಟ್ಟರೆ, ಇಂದು ಬೆಲೆಯಿಲ್ಲವೆಂದು ತೋರುವ ಮಾರುಕಟ್ಟೆಯೂ ಅದರೊಂದಿಗೆ ಹೋಗುತ್ತದೆ.

2. ಪಾಲಿನ ಕರಾರು ಮಾಡುವಾಗ ಲೆಕ್ಕ ಪರಿಶೀಲಿಸುವ ಹಕ್ಕನ್ನೂ ಬರೆಸಿಕೊಳ್ಳಬೇಕು. ಮೂರು ತಿಂಗಳಿಗೊಮ್ಮೆ ಮಾರಾಟದ ತಃಖ್ತೆ, ವರ್ಷಕ್ಕೊಮ್ಮೆ ಲೆಕ್ಕಪರಿಶೋಧಕರ ದೃಢೀಕರಣ ಇರಬೇಕು. ಲೆಕ್ಕ ಕಾಣದ ಕಡೆ ಪಾಲಿಗಿಂತ ಇಡಿಗಂಟೇ ಲೇಸು.

3. ರಾಯಧನವು ಕೊಳ್ಳುವವರ ಒಟ್ಟು ಮಾರಾಟದ ಮೇಲೋ ನಿವ್ವಳ ಲಾಭದ ಮೇಲೋ ಎಂಬುದು ಸ್ಪಷ್ಟವಿರಬೇಕು. ನಿವ್ವಳ ಲಾಭವೆಂಬುದು ಬರೆಯುವವನ ಕೈಯಲ್ಲಿರುತ್ತದೆ.

4. ಸರಕಿನ ಹೆಸರು, ಚೀಟಿ, ಕಟ್ಟುವಿಕೆಗಳನ್ನು ಸ್ಥಳೀಯ ವ್ಯಾಪಾರಿ ಬದಲಿಸ ಬಯಸಿದರೆ ಹಟ ಹಿಡಿಯಬಾರದು. ಆದರೆ ಹೊಸ ಹೆಸರಿನ ಒಡೆತನ ಯಾರದೆಂಬುದು ಕರಾರಿನಲ್ಲಿರಬೇಕು.

5. ಕೊಳ್ಳುವವರು ಇದೇ ಬಗೆಯ ಸರಕನ್ನು ಹಿಂದೆ ಮಾರಿದ್ದಾರೆಯೇ ಎಂದು ವಿಚಾರಿಸಬೇಕು. ದೊಡ್ಡ ಸಂಸ್ಥೆಗಿಂತ ಅನುಭವವುಳ್ಳ ಸಣ್ಣ ಸಂಸ್ಥೆ ಹೆಚ್ಚು ಉಪಯುಕ್ತವಾಗಬಹುದು.

6. ಹಣ ಮರಳುವ ಅವಧಿಯನ್ನು ಉದಾರವಾಗಿ ಅಂದಾಜು ಮಾಡಬೇಕು. ಪ್ರಸ್ತುತ ಚಿತ್ರದ ಅತಿ ದೊಡ್ಡ ಮಾರುಕಟ್ಟೆ ತೆರೆದದ್ದು ಮೊದಲ ಪ್ರದರ್ಶನದ ಹನ್ನೊಂದು ತಿಂಗಳ ನಂತರ. ಅಷ್ಟು ದಿನದ ಬಡ್ಡಿಯನ್ನು ಮೂಲ ವೆಚ್ಚದಲ್ಲೇ ಸೇರಿಸಿಕೊಳ್ಳಬೇಕು.

ಒಂದು ಎಚ್ಚರಿಕೆ

ಗೆದ್ದವರ ಲೆಕ್ಕ ಮಾತ್ರ ಲೇಖನವಾಗುತ್ತದೆ, ಸೋತವರ ಲೆಕ್ಕ ಬ್ಯಾಂಕಿನ ಕಡತದಲ್ಲಿ ಉಳಿಯುತ್ತದೆ. ಮನೆ ಅಡಮಾನವಿಟ್ಟು ಚಿತ್ರ ತೆಗೆದವರೆಲ್ಲರಿಗೂ ಇಂತಹ ಮಾರುಕಟ್ಟೆ ತೆರೆದುಕೊಂಡಿಲ್ಲ. ಈ ಚಿತ್ರಕ್ಕೂ ಪ್ರಶಸ್ತಿಗಳ ಆಧಾರದ ಮೇಲೆ ಯಾರಾದರೂ ಮುಂಚಿತವಾಗಿ ಅಂದಾಜು ಮಾಡಿದ್ದರೆ, ಪಟ್ಟಿಯಲ್ಲಿ ಫ್ರಾನ್ಸ್ ಮತ್ತು ಅಮೆರಿಕಗಳನ್ನು ಮೇಲೆ ಬರೆದು ಚೀನಾವನ್ನು ಎಲ್ಲೋ ಕೆಳಗೆ ಇಡುತ್ತಿದ್ದರು. ಆದ್ದರಿಂದ ಇಲ್ಲಿ ಅನುಕರಿಸಬೇಕಾದದ್ದು ಮನೆಯನ್ನು ಪಣಕ್ಕಿಟ್ಟ ಸಾಹಸವನ್ನಲ್ಲ. ಯಾವ ಮಾರುಕಟ್ಟೆ ತೆರೆಯುವುದೆಂದು ಮುಂಚಿತವಾಗಿ ಹೇಳಲಾಗದು ಎಂಬುದನ್ನು ಒಪ್ಪಿಕೊಂಡು, ಸೋತರೂ ಮನೆ ಉಳಿಯುವಂತೆ, ಗೆದ್ದರೆ ಪಾಲು ಬರುವಂತೆ ಕರಾರು ಬರೆಸಿಕೊಳ್ಳುವುದನ್ನು ಕಲಿಯಬೇಕು.

ಸದಸ್ಯರು ತಮ್ಮ ಕಡತಗಳಲ್ಲಿರುವ ಹಳೆಯ ಕರಾರೊಂದನ್ನು ತೆಗೆದು ಕೆಳಗಿನ ಪ್ರಶ್ನೆಗಳಿಗೆ ಉತ್ತರ ಬರೆದು ನೋಡಬೇಕಾಗಿ ಕೋರಿಕೆ.

ಅಭ್ಯಾಸಕ್ಕೆ

(ಅ) ನಿಮ್ಮ ಸರಕಿಗೆ ಕೊನೆಯ ಗಿರಾಕಿ ತೆರುವ 100 ರೂಪಾಯಿಯಲ್ಲಿ ನಿಮ್ಮ ಕೈಸೇರುವುದು ಎಷ್ಟು? ನಡುವೆ ಯಾರು ಯಾರಿಗೆ ಎಷ್ಟೆಷ್ಟು ಸಲ್ಲುತ್ತದೆ?

(ಆ) ಮಾರಾಟ ನಿಮ್ಮ ಅಂದಾಜಿನ ಹತ್ತು ಪಟ್ಟಾದರೆ, ಈಗಿರುವ ಕರಾರಿನಂತೆ ಹೆಚ್ಚುವರಿ ಲಾಭ ಯಾರಿಗೆ ಸೇರುತ್ತದೆ?

(ಇ) ಮೇಲಿನ ಅಗರಬತ್ತಿಯ ಉದಾಹರಣೆಯಲ್ಲಿ ಮಾರಾಟ 10 ಕೋಟಿಯಾದರೆ ಮೂರು ಕರಾರುಗಳಿಂದ ಬರುವ ಮೊತ್ತವೆಷ್ಟು? ತಯಾರಕರು 15 ಲಕ್ಷವನ್ನು ಸಾಲ ತಂದಿದ್ದು ಐದು ವರ್ಷದ ಬಡ್ಡಿಯನ್ನೂ ಭರಿಸಬೇಕಾದರೆ ನಿಮ್ಮ ಆಯ್ಕೆ ಬದಲಾಗುವುದೇ?